ತಡವಾದದ್ದು ನನ್ನ ಕಾಲಲ್ಲ

ಮೊನ್ನೆ ನಿಮ್ಮ ದೀಪ್ತಿ ಅಕ್ಕ ನಾರ್ತ್ ಕ್ಯಾರೊಲಿನಾದ ಕಾಲೇಜಿನಿಂದ ರಜೆಗೆ ಬಂದವಳು ಊಟಕ್ಕೂ ಮೊದಲೇ ಗ್ಯಾರೇಜಿಗೆ ಹೋಗಿ ಕಾರಿನ ಬಾನೆಟ್ ಎತ್ತಿದಳು. ಮಧ್ಯದ ಬಾಗಿಲು ತೆರೆದೇ ಇತ್ತು. ಬಿಸಿ ರಬ್ಬರು, ಕಾದ ಎಣ್ಣೆ, ಅದರ ಜೊತೆಗೆ ಪೈನ್ ಮರದ ಹಳದಿ ಪರಾಗದ ಪುಡಿಯ ಒಣ ವಾಸನೆ, ಎಲ್ಲ ಸೇರಿ ಅಡುಗೆಮನೆಯವರೆಗೂ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಸಾಸಿವೆ ಕಪ್ಪಾಗಿ ಹೋಯಿತು.

ಆ ವಾಸನೆ ಎರಡು ಸಾವಿರದ ಇಪ್ಪತ್ತೆರಡರ ವಸಂತದ್ದು. ಆಗ ನೀವಿಬ್ಬರೂ ತುಂಬ ಚಿಕ್ಕವರು. ಒಬ್ಬನಿಗೆ ಹಲ್ಲು ಬೀಳುತ್ತಿತ್ತು, ಒಬ್ಬಳಿಗೆ ಹಲ್ಲು ಬರುತ್ತಿತ್ತು. ಆ ವರ್ಷ ಅಜ್ಜಿ ಕಾರು ಕಲಿತಳು ಎನ್ನುವುದಷ್ಟೇ ನಿಮಗೆ ಗೊತ್ತು. ನಿಮ್ಮ ಅಪ್ಪ ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ನಗುನಗುತ್ತಾ ಹೇಳುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ. ಆದರೆ ಪ್ರತಿ ಸಲವೂ "ಪಾಪ, ಮೊದಮೊದಲು ಅತ್ತೆಗೆ ಹೆದರಿಕೆ ಇತ್ತು" ಎಂದು ಶುರುಮಾಡುತ್ತಾರೆ. ಆ ಒಂದು ಮಾತು ಸರಿಯಲ್ಲ. ಅದನ್ನು ಸರಿಪಡಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಗ ಇಷ್ಟು ಕನ್ನಡ ಓದಲು ಆಗದಿದ್ದರೆ ಇಟ್ಟುಕೊಳ್ಳಿ, ಮುಂದೆ ಓದಿ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಟ್ಲಾಂಟಾದ ಹತ್ತಿರದ ಈ ಕಮ್ಮಿಂಗ್‌ಗೆ ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ಮನೆ ದೊಡ್ಡದು, ಬೆಳಕು ಚೆನ್ನಾಗಿ ಬರುತ್ತಿತ್ತು, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಯಾರಾದರೂ ಕಾರು ತೆಗೆಯಬೇಕು. ಬಸ್ಸಿಲ್ಲ, ನಡೆಯಲು ದಾರಿಯಿಲ್ಲ. ನಮ್ಮ ಬಡಾವಣೆಯ ಬಾಯಿಗೆ ಬಂದು ನಿಂತರೆ ಎದುರಿಗೆ ದೊಡ್ಡ ರಸ್ತೆ. ಅಲ್ಲಿಗೆ ನನ್ನ ಪ್ರಪಂಚ ಮುಗಿಯುತ್ತಿತ್ತು.

ಆ ಫೆಬ್ರವರಿಯಲ್ಲಿ ಪಕ್ಕದ ಊರಾದ ಸುವಾನಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ವಸಂತಾ ಎನ್ನುವವರು ಯಾರದೋ ಮನೆಯ ಪೂಜೆಯಲ್ಲಿ ನಾನು ಹೊಲಿದ ರವಿಕೆ ನೋಡಿದರು. ತೋಳಿನ ಜೋಡಣೆಯನ್ನು ಒಳಗಿನಿಂದ ತಿರುಗಿಸಿ ನೋಡಿ, ಇದನ್ನು ಹೊಲಿದವರು ಯಾರು ಎಂದು ಕೇಳಿದರು. ಊರಿನಲ್ಲಿ ನಾನು ಮದುವೆಯಾದ ವರ್ಷದಿಂದಲೂ ಕಾಲುಮಿಷನ್ನಿನಲ್ಲಿ ಹೊಲಿದವಳು. ಮದ್ದೂರಿನ ಸುತ್ತಮುತ್ತ ನನ್ನ ಕೈಯಿಂದ ರವಿಕೆ ಹೊಲಿಸಿಕೊಳ್ಳದ ಮದುಮಗಳು ಕಡಿಮೆ. ವಸಂತಾ ವಾರಕ್ಕೆ ಮೂರು ದಿನ ಕೆಲಸ ಇದೆ ಎಂದರು. ಒಂದೇ ಷರತ್ತು ಹಾಕಿದರು.

"ಏಪ್ರಿಲ್ ಮುಗಿಯೋದ್ರೊಳಗೆ ಹೇಳ್ಬಿಡಿ ಆಂಟಿ. ಮೇ ಬಂದ್ರೆ ಮದುವೆ, ಗ್ರ್ಯಾಜುಯೇಷನ್ ಅಂತ ನಂಗೆ ಉಸಿರಾಡೋಕೂ ಆಗಲ್ಲ. ಆದ್ರೆ ಯಾರೋ ತಂದು ಬಿಡಬೇಕು, ಯಾರೋ ಬಂದು ಕರ್ಕೊಂಡ್ ಹೋಗಬೇಕು ಅಂದ್ರೆ ನಡೆಯಲ್ಲ. ಹಿಂದೆ ಇದ್ದವರು ಹಾಗೇ ಬಿಟ್ಟು ಹೋಗಿದ್ದು."

ನಿಮ್ಮ ಅಮ್ಮ ಬೆಳಕು ಹರಿಯುವ ಮೊದಲೇ ಅಟ್ಲಾಂಟಾದ ಆಸ್ಪತ್ರೆಗೆ ಹೊರಡುತ್ತಿದ್ದಳು. ನಿಮ್ಮ ಅಪ್ಪನಿಗೆ ಕೂತಲ್ಲೇ ಮೀಟಿಂಗು. ದೀಪ್ತಿಗೆ ಸ್ಕೂಲು. ಹಾಗಾಗಿ ನಾನೇ ಓಡಿಸಬೇಕು, ಇಲ್ಲವೇ ಆ ಕೆಲಸ ಬಿಡಬೇಕು. ನಾನು ಓಡಿಸುತ್ತೇನೆ ಎಂದೆ. ಹೇಳಿದ್ದು ನಿಮ್ಮ ಅಮ್ಮನಿಗೆ. ನಿಮ್ಮ ಅಪ್ಪ ಅದೇ ಮೇಜಿನ ಆ ಕಡೆ ಕೂತು ಚಪಾತಿ ತಿನ್ನುತ್ತಿದ್ದರು.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅಳಿಯ ಬಂದರೆ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ಸರಿಯಬೇಕು, ಏನಿದ್ದರೂ ಮಗಳ ಮೂಲಕ ಹೇಳಿಸಬೇಕು. ಅದು ಸಿಟ್ಟಲ್ಲ, ಮರ್ಯಾದೆ. ಇಲ್ಲಿಗೆ ಬಂದ ಮೇಲೂ ನನಗೆ ಅದು ಹೋಗಿರಲಿಲ್ಲ. ಒಂದೇ ಸೂರಿನಡಿ ಇದ್ದೂ ನಾವಿಬ್ಬರು ಒಂದು ಮಾತನ್ನೂ ಎದುರುಬದುರು ಆಡಿರಲಿಲ್ಲ. ನಿಮ್ಮ ಅಪ್ಪ ಬೆಂಗಳೂರಿನಲ್ಲಿ ಬೆಳೆದವರು, ಅವರಿಗೆ ಇದೆಲ್ಲ ಬೇಕಿರಲಿಲ್ಲ. ನನಗಾಗಿ ಒಪ್ಪಿಕೊಂಡಿದ್ದರು.

ಲಿಖಿತ ಪರೀಕ್ಷೆ ಪಾಸು ಮಾಡಿ ಕಲಿಯುವವರ ಪರ್ಮಿಟ್ ತೆಗೆದುಕೊಂಡೆ. ಇನ್ನು ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರು ಕೂರಬೇಕು. ದೀಪ್ತಿಗೆ ಲೈಸೆನ್ಸ್ ಇದ್ದರೂ ಕಲಿಸುವ ವಯಸ್ಸಾಗಿರಲಿಲ್ಲ. ಹಾಗಾಗಿ ಶನಿವಾರ ಭಾನುವಾರ ನಿಮ್ಮ ಅಪ್ಪ ಪಕ್ಕದ ಸೀಟಿನಲ್ಲಿ, ನಿಮ್ಮ ಅಮ್ಮ ಹಿಂದಿನ ಸೀಟಿನಲ್ಲಿ. ಅಪ್ಪ ಕಿಟಕಿ ಕಡೆ ನೋಡಿಕೊಂಡು "ಸ್ವಲ್ಪ ಬ್ರೇಕ್ ಹಾಕೋಕೆ ಹೇಳು ನಿಮ್ಮಮ್ಮಂಗೆ" ಎನ್ನುವುದು, ಅಮ್ಮ ಹಿಂದಿನಿಂದ "ಅಮ್ಮಾ, ಬ್ರೇಕಂತೆ" ಎನ್ನುವುದು. ಅಷ್ಟರಲ್ಲಿ ನಾನು ಬ್ರೇಕ್ ಹಾಕಿ ಆಗಿರುತ್ತಿತ್ತು. ನನಗೆ ಕಿವಿ ಕೇಳುತ್ತಿತ್ತಲ್ಲ.

ಚರ್ಚಿನ ಖಾಲಿ ಪಾರ್ಕಿಂಗಿನಲ್ಲಿ ಸುತ್ತಿದೆ, ಬಡಾವಣೆಯ ಒಳಗೆ ಸುತ್ತಿದೆ, ಹಿಂದಕ್ಕೆ ತೆಗೆಯುವುದನ್ನು ಕಲಿತೆ. ಮಾರ್ಚಿನಲ್ಲಿ ಪೈನ್ ಮರಗಳು ಪುಡಿ ಉದುರಿಸಲು ಶುರುಮಾಡಿದವು. ಊರೆಲ್ಲ ಅರಿಸಿನ ಚೆಲ್ಲಿದಂತಾಯಿತು. ಕಾರಿನ ಮೇಲೆ, ಅಂಚೆ ಡಬ್ಬಿಯ ಮೇಲೆ, ನಿಮ್ಮ ಮೂಗಿನಲ್ಲಿ, ಎಲ್ಲೆಲ್ಲೂ ಅದೇ. ಆ ವಾರ ನಿಮ್ಮ ಅಪ್ಪ ದೊಡ್ಡ ರಸ್ತೆಗೆ ಹೋಗೋಣ ಎಂದು ಹೇಳಿಸಿದರು.

ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ನಾವು ಬಡಾವಣೆಯ ಬಾಯಿಯಿಂದ ಎಡಕ್ಕೆ ತಿರುಗಬೇಕು. ಅಲ್ಲಿ ಸಿಗ್ನಲ್ ಇಲ್ಲ. ಎಡಗಡೆಯಿಂದ ಬರುವ ಕಾರುಗಳನ್ನು ದಾಟಿ, ಬಲಗಡೆಯಿಂದ ಬರುವವುಗಳ ಮುಂದೆ ಸೇರಿಕೊಳ್ಳಬೇಕು. ಎರಡೂ ಕಡೆ ಬಿಡುವು ಸಿಕ್ಕಿತು. ನಾನು ಕಾಲು ಒತ್ತಿದೆ. ಕಾರು ಅಲ್ಲಾಡಿತು, ಮುಂದೆ ಹೋಯಿತು ಅನ್ನಿಸಿತು, ಆಮೇಲೆ ಏನೂ ಇಲ್ಲ. ತುಂಬಿದ ಬಾವಿಗೆ ಕೊಡ ಇಳಿಸಿದಾಗ ಅದು ಮುಳುಗಲೋ ಬೇಡವೋ ಎಂದು ತೇಲುತ್ತದಲ್ಲ, ಹಾಗೆ ರಸ್ತೆಯ ನಡುವೆ ತೇಲಿತು. ಬಲಗಡೆಯಿಂದ ಒಂದು ಟ್ರಕ್ಕು ಹಾರ್ನ್ ಒತ್ತುತ್ತಲೇ ಬಂತು. ಒಂದು ಉಸಿರು ಕಳೆದ ಮೇಲೆ ಕಾರಿಗೆ ಒಮ್ಮೆಗೇ ಜೀವ ಬಂದು ನಮ್ಮನ್ನು ಸೀಟಿಗೆ ಒತ್ತಿಕೊಂಡು ಓಡಿತು. ನಿಮ್ಮ ಅಪ್ಪ ಎರಡು ಕೈಯಲ್ಲೂ ಡ್ಯಾಷ್‌ಬೋರ್ಡ್ ಹಿಡಿದುಕೊಂಡಿದ್ದರು.

ಮನೆಗೆ ಬಂದ ಮೇಲೆ ಅಪ್ಪ ಅಮ್ಮನಿಗೆ ಹೇಳಿದ್ದು ನನಗೆ ಮೆಟ್ಟಿಲ ಮೇಲಿಂದ ಕೇಳಿಸಿತು. ಅತ್ತೆ ಅರ್ಧ ರಸ್ತೆಯಲ್ಲಿ ಹೆದರಿ ಕಾಲು ಎತ್ತಿಬಿಟ್ಟರು, ಈ ವಯಸ್ಸಿನಲ್ಲಿ ಇದು ಬೇಡ, ನಾಳೆ ಏನಾದರೂ ಆದರೆ ನಾವು ಬದುಕೋದು ಹೇಗೆ ಎಂದರು. ಕೋಪ ಇರಲಿಲ್ಲ, ನಿಜವಾದ ಕಾಳಜಿ ಇತ್ತು. ಅದೇ ನನಗೆ ಇನ್ನೂ ಉರಿಯಿತು. ಕೋಪಕ್ಕೆ ಉತ್ತರ ಕೊಡಬಹುದು, ಕಾಳಜಿಗೆ ಏನು ಹೇಳುವುದು.

ನಾನು ಕಾಲು ಎತ್ತಿರಲಿಲ್ಲ. ಮಿಷನ್ ತುಳಿದು ತುಳಿದು ನನ್ನ ಪಾದಕ್ಕೆ ತಾನು ಎಷ್ಟು ಒತ್ತಿದೆ ಎನ್ನುವುದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಒಂದು ಹೊಲಿಗೆ ಬೇಕೆಂದರೆ ಒಂದೇ ಹೊಲಿಗೆ ಬೀಳುವಂತೆ ತುಳಿದ ಪಾದ ಅದು. ಹಾಗೆಂದು ನಿಮ್ಮ ಅಮ್ಮನಿಗೆ ಹೇಳಿದೆ. ಅವಳು ನನ್ನ ಬೆನ್ನು ಸವರಿ "ಇರಲಿ ಬಿಡಮ್ಮ, ಯಾರಿಗಾದ್ರೂ ಭಯ ಆಗುತ್ತೆ" ಎಂದಳು. ನನ್ನ ಮಗಳೂ ನಂಬಲಿಲ್ಲ.

ನಂಬಿದವಳು ದೀಪ್ತಿ. ಆಗ ಅವಳಿಗೆ ಹದಿನೇಳು, ಹೈಸ್ಕೂಲಿನ ಕಾರು ಕ್ಲಬ್ಬಿನಲ್ಲಿ ಇದ್ದಳು, ನಾನು ಕಲಿಯುತ್ತಿದ್ದ ಆ ಹಳೆಯ ಪುಟ್ಟ ಕಾರನ್ನೇ ದಿನಾ ಸ್ಕೂಲಿಗೆ ಓಡಿಸುತ್ತಿದ್ದಳು. ನಿಮ್ಮ ಅಪ್ಪ ಅಷ್ಟರಲ್ಲಿ ಕರೆಂಟಿನ ಕಾರಿಗೆ ಹೋಗಿದ್ದರು. ಅದು ಕಾಲು ಮುಟ್ಟಿಸಿದರೆ ಓಡುತ್ತದೆ. ಹಳೆಯದರ ಚಾಳಿ ಅವರಿಗೆ ಮರೆತೇಹೋಗಿತ್ತು.

"ಅಜ್ಜಿ, ಇಟ್ಸ್ ನಾಟ್ ಯು," ಎಂದಳು ದೀಪ್ತಿ. "ಕಾರ್ ಲೇಟ್. ಟರ್ಬೊ ಲ್ಯಾಗ್ ಅಂತಾರೆ. ನೀನು ಪ್ರೆಸ್ ಮಾಡ್ತೀಯ, ಅದು ಥಿಂಕ್ ಮಾಡುತ್ತೆ."

ಟರ್ಬೊ ಎಂದರೆ ಏನು ಎಂದು ಕೇಳಿದೆ. ಅವಳು ಬಾನೆಟ್ ಎತ್ತಿ ತೋರಿಸಿದಳು. ಇಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದಂತೆ. ಆ ಚಕ್ರ ತಿರುಗಿ ಹೊರಗಿನ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತದಂತೆ. ಗಾಳಿ ಹೆಚ್ಚಾದರೆ ಉರಿ ಹೆಚ್ಚು, ಉರಿ ಹೆಚ್ಚಾದರೆ ಶಕ್ತಿ ಹೆಚ್ಚು. ನನಗೆ ತಕ್ಷಣ ಅರ್ಥವಾಯಿತು. ಒಲೆ ಊದಲು ನಾವು ಊದುಕೊಳವೆ ಇಟ್ಟುಕೊಳ್ಳುತ್ತಿದ್ದೆವು. ಇಲ್ಲಿ ಒಲೆಯೇ ತನ್ನ ಹೊಗೆಯಿಂದ ತನಗೆ ತಾನೇ ಊದಿಕೊಳ್ಳಬೇಕು. ನಿಂತ ಕಾರಿನಲ್ಲಿ ಉರಿ ಸಣ್ಣದು, ಹೊಗೆ ಕಡಿಮೆ, ಚಕ್ರ ಮಲಗಿರುತ್ತದೆ. ಅದು ಎದ್ದು ತಿರುಗುವವರೆಗೆ ಎಷ್ಟು ತುಳಿದರೂ ಇಲ್ಲ.

ಇದನ್ನು ಸರಿಮಾಡಬಹುದಾ ಎಂದೆ. ಪೂರ್ತಿ ಹೋಗಲ್ಲ, ಆದರೆ ತುಂಬಾ ಕಮ್ಮಿ ಮಾಡಬಹುದು ಎಂದಳು. ನಿಮ್ಮ ಅಪ್ಪನನ್ನು ಕೇಳಿದಳು. ಅವರು ನಕ್ಕು, ಕಾರಿನದೇನೂ ತಪ್ಪಿಲ್ಲ, ನಿನಗೆ ಆಡಬೇಕೆಂದರೆ ಆಡಿಕೋ, ವರ್ಷದ ಹೊಗೆ ಪರೀಕ್ಷೆಯಲ್ಲಿ ಫೇಲ್ ಆಗುವಂಥದ್ದೇನೂ ಮಾಡಬೇಡ ಎಂದರಂತೆ.

ಹೀಗೆ ನಾನು ಗ್ಯಾರೇಜು ಸೇರಿದೆ. ಸೀರೆಯ ಮೇಲೆ ನಿಮ್ಮ ಅಪ್ಪನ ಹಳೆಯ ಶರ್ಟು ಹಾಕಿಕೊಂಡು ದೀಪ್ತಿ ಕೇಳಿದ್ದನ್ನು ಕೊಡುತ್ತಿದ್ದೆ. ಮೊದಲು ಗಾಳಿ ಹೋಗುವ ರಬ್ಬರು ಕೊಳವೆಗಳಿಗೆ ಗಾಳಿ ತುಂಬಿ, ಮೇಲೆ ಸೋಪಿನ ನೀರು ಹೊಡೆದೆವು. ಒಂದು ತಿರುವಿನಲ್ಲಿ ಗುಳ್ಳೆ ಎದ್ದಿತು. ಚಕ್ರ ಕಷ್ಟಪಟ್ಟು ತಳ್ಳಿದ ಗಾಳಿ ಅಲ್ಲಿ ಸೋರಿ ಹೋಗುತ್ತಿತ್ತು. ಕೊಳವೆ ಬದಲಾಯಿಸಿ ಪಟ್ಟಿ ಬಿಗಿಮಾಡಿದಳು. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಆಮೇಲೆ ಕಾರಿಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ಜೋಡಿಸಿದಳು. ಅವಳು ಓಡಿಸುವುದು, ನಾನು ಪಕ್ಕದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು "ಈಗ ಅಜ್ಜಿ" ಎಂದಾಗ ಗುಂಡಿ ಒತ್ತುವುದು. ಮನೆಗೆ ಬಂದು ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಾ ಕೂರುತ್ತಿದ್ದಳು. ಒಂದು ಸಂಜೆ ಅವಳ ಮುಖ ಅರಳಿತು.

ಇಂಜಿನ್ನಿನೊಳಗೆ ಗಾಳಿ ಪೆಟ್ರೋಲು ಸೇರಿದ್ದನ್ನು ಹೊತ್ತಿಸಲು ಒಂದು ಕಿಡಿ ಹಾರಬೇಕು. ಸರಿಯಾದ ಕ್ಷಣಕ್ಕೆ ಹಾರಬೇಕು. ಉಯ್ಯಾಲೆಯಲ್ಲಿ ಕೂತ ಮಗುವನ್ನು ನೂಕಿದ ಹಾಗೆ, ತಡವಾಗಿ ನೂಕಿದರೆ ಕೈ ಗಾಳಿಗೆ ಹೋಗುತ್ತದೆ. ಬೇಗ ನೂಕಿದರೆ ಮಗುವಿಗೆ ಪೆಟ್ಟಾಗುತ್ತದೆ. ಈ ಕಾರಿನಲ್ಲಿ ಕಿಡಿ ತಡವಾಗುತ್ತಿತ್ತು. ಕಾರು ಬೇಕೆಂದೇ ತಡ ಮಾಡುತ್ತಿತ್ತು.

"ವೈ ಅಂದ್ರೆ ಅದಕ್ಕೆ ಭಯ," ಎಂದಳು ದೀಪ್ತಿ. "ಡ್ಯಾಡಿ ಯಾವಾಗ್ಲೂ ರೆಗ್ಯುಲರ್ ಪೆಟ್ರೋಲ್ ಹಾಕ್ತಾರೆ. ಈ ಕಾರ್‌ಗೆ ಪ್ರೀಮಿಯಂ ಬೇಕು. ರೆಗ್ಯುಲರ್ ಹಾಕಿದ್ರೆ ಕಿಡಿ ಬರೋ ಮುಂಚೆ ತಾನೇ ಹೊತ್ಕೊಂಡ್ಬಿಡುತ್ತೆ, ಒಳಗೆ ಟಕಟಕ ಹೊಡೆಯುತ್ತೆ. ಅದು ಕೇಳಿಸಿದ ತಕ್ಷಣ ಕಂಪ್ಯೂಟರ್ ಹೆದರ್ಕೊಂಡು ಕಿಡಿ ಲೇಟ್ ಮಾಡುತ್ತೆ."

ನಾನು ಜೋರಾಗಿ ನಕ್ಕೆ. ಅಷ್ಟು ಜೋರಾಗಿ ನಾನು ನಕ್ಕದ್ದನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲವಂತೆ. ಹೆದರಿದ್ದು ಯಾರು ಎಂದು ಕೊನೆಗೂ ಗೊತ್ತಾಯಿತಲ್ಲ.

ನಿಮ್ಮ ಅಪ್ಪನದು ದಡ್ಡತನವಲ್ಲ, ನಮ್ಮವರೆಲ್ಲರ ಅಭ್ಯಾಸ. ಶನಿವಾರ ಬೆಳಿಗ್ಗೆ ಸಗಟು ಅಂಗಡಿಯ ಪಂಪಿನಲ್ಲಿ ಸಾಲು ನಿಂತು ಎಲ್ಲ ಕಾರಿಗೂ ಕಡಿಮೆ ಬೆಲೆಯ ರೆಗ್ಯುಲರನ್ನೇ ತುಂಬಿಸುವುದು, ಪ್ರೀಮಿಯಂ ಎನ್ನುವುದು ಕಂಪನಿಯವರ ಮೋಸ ಎಂದು ಪಾರ್ಟಿಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಪೆಟ್ರೋಲು ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ ಪ್ರೀಮಿಯಂ ಎಂದೇ ಬರೆದಿತ್ತು.

ದೀಪ್ತಿ ಟ್ಯಾಂಕು ಖಾಲಿಯಾಗುವವರೆಗೆ ಓಡಿಸಿ ಪ್ರೀಮಿಯಂ ತುಂಬಿಸಿದಳು. ಆಮೇಲೆ ಹಲವು ಸಂಜೆ ಕಾರಿನ ಕಂಪ್ಯೂಟರಿನ ಲೆಕ್ಕಗಳನ್ನು ತಿದ್ದುತ್ತಾ ಕೂತಳು. ಚಕ್ರ ಇನ್ನೂ ಮಲಗಿರುವಾಗ ಇಂಜಿನ್ನು ಸ್ವಂತ ಬಲದಿಂದಲೇ ಎಳೆಯಬೇಕು, ಅಲ್ಲಿ ಕಿಡಿಯನ್ನು ಸ್ವಲ್ಪ ಬೇಗ ತಂದಳು. ಚಕ್ರ ಏಳುವ ಹೊತ್ತಿನ ಸಣ್ಣ ಜಾಗದಲ್ಲಿ ಕಿಡಿಯನ್ನು ಕೊಂಚ ಹಿಂದೆ ಹಿಡಿದಳು. ಆಗ ಉರಿಯ ಬಿಸಿ ಹೊಗೆಯ ಜೊತೆ ಹೋಗಿ ಚಕ್ರವನ್ನು ಬೇಗ ಎಬ್ಬಿಸುತ್ತದಂತೆ. ಹೊಗೆ ಚಕ್ರವನ್ನು ತಪ್ಪಿಸಿಕೊಂಡು ಹೋಗುವ ಒಂದು ಪುಟ್ಟ ಕಿಂಡಿಯನ್ನು ಇನ್ನಷ್ಟು ಹೊತ್ತು ಮುಚ್ಚಿಟ್ಟಳು. ಪ್ರತಿ ಸಲವೂ ಚೂರೇ ಚೂರು ಬದಲಾಯಿಸುವುದು, ಓಡಿಸಿ ನೋಡುವುದು, ಮತ್ತೆ ಕೂರುವುದು. ರವಿಕೆಯ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು ತೊಡಿಸಿ ನೋಡುವ ಕೆಲಸದಂತೆಯೇ ಅದು. ಕೊನೆಗೆ ನಾನು ಬಡಾವಣೆಯೊಳಗೆ ನಿಮ್ಮ ಅಮ್ಮನನ್ನು ಕೂರಿಸಿಕೊಂಡು ಓಡಿಸಿದೆ. ತುಳಿದೆ, ಹೋಯಿತು. ಅಷ್ಟೇ.

ಅಪ್ಪನಿಗೆ ತೋರಿಸೋಣ ಎಂದುಕೊಂಡೆವು. ಏಪ್ರಿಲ್ ಅರ್ಧ ಕಳೆದಿತ್ತು. ಆ ಶನಿವಾರ ಮತ್ತೆ ಅದೇ ತಿರುವು. ತುಳಿದೆ. ಡಬ್ಬಿಯಲ್ಲಿ ಕಡಲೆಕಾಯಿ ಅಲ್ಲಾಡಿಸಿದಂಥ ಸದ್ದು, ಆಮೇಲೆ ಮತ್ತೆ ಅದೇ ತೇಲಾಟ. ಹಾರ್ನ್ ಮೇಲೆ ಹಾರ್ನ್. ಹೇಗೋ ದಾಟಿ ಪಕ್ಕಕ್ಕೆ ನಿಲ್ಲಿಸಿದೆ.

ಮನೆಗೆ ಬಂದಾಗ ನಿಮ್ಮ ಅಪ್ಪ ಮೊದಲ ಸಲ ದನಿ ಎತ್ತಿದರು. ದೀಪ್ತಿಗೆ, ಅಜ್ಜಿ ಜೀವದ ಜೊತೆ ನಿನ್ನ ಎಕ್ಸ್‌ಪೆರಿಮೆಂಟ್ ಸಾಕು ಎಂದರು. ಅಮ್ಮನಿಗೆ, ನಾಳೆಯೇ ಕಾರು ಮಾರಿಬಿಡುತ್ತೇನೆ, ವಸಂತಾಗೆ ಆಗಲ್ಲ ಅಂತ ಫೋನ್ ಮಾಡಿಬಿಡು ಎಂದರು. ದೀಪ್ತಿಯ ಕಣ್ಣಲ್ಲಿ ನೀರು. ಎಲ್ಲಿ ತಪ್ಪು ಮಾಡಿದೆ ಎಂದು ಅವಳಿಗೇ ಅನುಮಾನ ಬಂದುಬಿಟ್ಟಿತ್ತು. ನಿಮ್ಮ ಅಮ್ಮ ಫೋನ್ ಕೈಗೆ ತೆಗೆದುಕೊಂಡಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಅಂದು ಬೆಳಿಗ್ಗೆ ಅಪ್ಪ ಆ ಕಾರು ತೆಗೆದುಕೊಂಡು ಹೊರಗೆ ಹೋಗಿ ಬಂದದ್ದು ನನಗೆ ನೆನಪಿತ್ತು. ಅದನ್ನು ಮಗಳ ಮೂಲಕ ಕೇಳಿಸಬಹುದಿತ್ತು. ಕೇಳಿಸಿದ್ದರೆ ಅದು ಅವಳ ಬಾಯಲ್ಲಿ ಮೆತ್ತಗಾಗಿ, ಅರ್ಧವಾಗಿ, ಸಮಾಧಾನದ ಮಾತಾಗಿ ಹೋಗುತ್ತಿತ್ತು. ನಾನು ಬಾಗಿಲಿನಿಂದ ಈಚೆ ಬಂದೆ. ಸೆರಗು ಎಲ್ಲಿದೆ ಎಂದು ನೋಡಿಕೊಳ್ಳಲಿಲ್ಲ. ಅವರ ಎದುರಿಗೆ ನಿಂತೆ.

"ಬೆಳಿಗ್ಗೆ ಕಾರಿಗೆ ಯಾವ ಪೆಟ್ರೋಲ್ ಹಾಕ್ಸಿದ್ರಿ?"

ನಿಮ್ಮ ಅಪ್ಪ ನನ್ನನ್ನೇ ನೋಡಿದರು. ಸ್ಕೂಲಿನಲ್ಲಿ ಮೇಷ್ಟರು ಕೇಳಿದಾಗ ಹೇಳುವಂತೆ "ರೆಗ್ಯುಲರ್ ಅತ್ತೆ" ಎಂದರು. ಆಮೇಲೆ ಮೆಲ್ಲಗೆ, "ಅದರಲ್ಲೇನೂ ಡಿಫರೆನ್ಸ್ ಇಲ್ಲ" ಎಂದು ಸೇರಿಸಿದರು.

"ಇದೆ," ಎಂದೆ. "ನಾನು ಕಾಲು ಎತ್ತಿರಲಿಲ್ಲ. ಅವತ್ತೂ ಎತ್ತಿರಲಿಲ್ಲ, ಇವತ್ತೂ ಎತ್ತಿಲ್ಲ. ನೀವು ಕೇಳಲಿಲ್ಲ. ನಿಮ್ಮ ಮಗಳು ಕಾರನ್ನ ಸರಿ ಮಾಡಿದ್ಲು, ನೀವು ಅದಕ್ಕೆ ಬೇಡದ್ದು ತುಂಬಿಸಿದ್ರಿ. ಕಾರು ಮಾರೋದು ಆಮೇಲೆ. ಮುಂದಿನ ಭಾನುವಾರ ಬೇಕಾದ ಪೆಟ್ರೋಲ್ ಹಾಕಿ ಅದೇ ತಿರುವಿಗೆ ಹೋಗ್ತೀನಿ. ನೀವು ನನ್ನ ಪಕ್ಕ ಕೂರಬೇಕು."

ನಿಮ್ಮ ಅಮ್ಮ "ಅಮ್ಮಾ" ಎಂದಳು. ಫೋನ್ ಕೆಳಗಿಡು ಎಂದೆ. ಇಟ್ಟಳು.

ಆ ವಾರ ದೀಪ್ತಿ ಮತ್ತೆ ಟ್ಯಾಂಕು ಖಾಲಿ ಮಾಡಿದಳು. ತುಂಬಿಸಿಕೊಂಡು ಬಂದವರು ನಿಮ್ಮ ಅಪ್ಪ. ಯಾವುದು ಎಂದು ಯಾರೂ ಕೇಳಲಿಲ್ಲ. ಗ್ಯಾರೇಜಿನಲ್ಲಿ ದೀಪ್ತಿಯ ಪಕ್ಕ ನಿಂತು ಲ್ಯಾಪ್‌ಟಾಪಿನ ಗೆರೆಗಳನ್ನು ತುಂಬ ಹೊತ್ತು ನೋಡಿದರು. ಒಂದೆರಡು ಪ್ರಶ್ನೆ ಕೇಳಿದರು. ಆಮೇಲೆ ಅವಳಿಗೆ ಕಾಫಿ ಮಾಡಿ ತಂದುಕೊಟ್ಟರು.

ಭಾನುವಾರ ನಿಮ್ಮ ಅಮ್ಮನಿಗೆ ಆಸ್ಪತ್ರೆಯ ಡ್ಯೂಟಿ. ಹಿಂದಿನ ಸೀಟು ಖಾಲಿ. ಹಿಂದಿನ ದಿನದ ಮಳೆಗೆ ಹಳದಿ ಪುಡಿ ತೊಳೆದುಹೋಗಿ ರಸ್ತೆ ಕಪ್ಪಗೆ ಹೊಳೆಯುತ್ತಿತ್ತು. ಬಡಾವಣೆಯ ಬಾಯಲ್ಲಿ ನಿಂತೆ. ಎಡಗಡೆ ಬಿಡುವಾಯಿತು, ಬಲಗಡೆ ಒಂದು ವ್ಯಾನು ದೂರದಲ್ಲಿತ್ತು.

"ಬೇಡ ಅತ್ತೆ, ಅದು ಹೋಗಲಿ," ಎಂದರು.

ಕಾದೆ. ಅವರು ಹೇಳಿದರೆಂದಲ್ಲ, ನನಗೂ ಹಾಗೆಯೇ ಕಂಡಿತು. ವ್ಯಾನು ಹೋಯಿತು. ಅದರ ಹಿಂದಿನ ಬಿಡುವು ಒಳ್ಳೆಯದಿತ್ತು. ಅವರು ಬಾಯಿ ತೆರೆಯುವುದರೊಳಗೆ ತುಳಿದೆ. ಕಾರು ಹಿಂಜರಿಯಲಿಲ್ಲ. ನಾನು ಎಷ್ಟು ಕೇಳಿದೆನೋ ಅಷ್ಟನ್ನು, ಕೇಳಿದಾಗಲೇ ಕೊಟ್ಟಿತು. ತಿರುಗಿ, ನನ್ನ ಸಾಲಿಗೆ ಸೇರಿ, ಉಳಿದವರ ವೇಗಕ್ಕೆ ಬಂದೆ. ಯಾರೂ ಹಾರ್ನ್ ಮಾಡಲಿಲ್ಲ.

ನಿಮ್ಮ ಅಪ್ಪ, ಮುಂದಿನ ಸಿಗ್ನಲ್‌ನಲ್ಲಿ ಯೂಟರ್ನ್ ತಗೊಂಡರೆ ಮನೆಗೆ ಹೋಗಬಹುದು ಎಂದರು. ನೇರವಾಗಿ ನನಗೇ ಹೇಳಿದರು.

"ಮನೆಗಲ್ಲ," ಎಂದೆ. "ಸುವಾನಿಗೆ. ಏಪ್ರಿಲ್ ಇನ್ನೂ ಮುಗಿದಿಲ್ಲ."

"ಈಗಲೇನಾ? ಲೈಸೆನ್ಸ್ ಇನ್ನೂ ಬಂದಿಲ್ವಲ್ಲ ಅತ್ತೆ."

"ಪರೀಕ್ಷೆ ಬುಧವಾರ ಇದೆ. ಪಾಸಾಗ್ತೀನಿ. ಲೇನ್ ಯಾವುದು ಅಂತ ಮಾತ್ರ ಮುಂಚೆ ಹೇಳ್ತಾ ಇರಿ."

ಹೇಳುತ್ತಾ ಹೋದರು. ದಾರಿಯುದ್ದಕ್ಕೂ ಹೇಳಿದರು. ನಾನೂ ಕೇಳಬೇಕಾದ್ದನ್ನು ಕೇಳಿದೆ. ಅಷ್ಟು ವರ್ಷ ಆಡದ ಮಾತೆಲ್ಲ ಎಡ, ಬಲ, ನಿಧಾನ, ಈಗ ಹೋಗಿ ಎನ್ನುವುದರಲ್ಲೇ ಆಯಿತು.

ವಸಂತಾ ಅವರ ಅಂಗಡಿಯ ಮುಂದೆ ಎರಡು ಗೆರೆಗಳ ನಡುವೆ ನಿಲ್ಲಿಸಿದೆ. ಸೊಟ್ಟಗಾಗಿತ್ತು. ಹಿಂದಕ್ಕೆ ತೆಗೆದು ನೇರ ಮಾಡಿದೆ. ನಿಮ್ಮ ಅಪ್ಪ ಬೆಲ್ಟು ಬಿಚ್ಚಿ ಬಾಗಿಲಿಗೆ ಕೈ ಹಾಕಿದರು. ನನ್ನ ಪರವಾಗಿ ಮಾತಾಡಲು ಬರುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ.

"ನೀವು ಇಲ್ಲೇ ಕೂತಿರಿ," ಎಂದೆ. "ಕೆಲಸ ನನ್ನದು, ನಾನೇ ಮಾತಾಡಿ ಬರ್ತೀನಿ."

ಕಾರಿನ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ.